ಸೇತುವೆಗೆ ಬಟ್ಟೆ ಸುತ್ತುವ ಮುನ್ನ

ಕಲಾವಿದ ಕ್ರಿಸ್ಟೊ ಒಂದು ನೇಮ ಇಟ್ಟುಕೊಂಡಿದ್ದರು. ಕಲಾಕೃತಿ ಎದ್ದು ನಿಂತಿತೆಂದರೆ ಮುಗಿಯಿತು, ಮತ್ತೆ ಅದರ ಚಿತ್ರ ಬರೆಯುವುದಿಲ್ಲ. ಬರೆಯುವುದೇನಿದ್ದರೂ ಅದಕ್ಕೆ ಮೊದಲು. 1985ರಲ್ಲಿ ಪ್ಯಾರಿಸ್ಸಿನ ಪೋಂ ನಫ್ ಸೇತುವೆಗೆ ಬಟ್ಟೆ ಸುತ್ತಿ ಎರಡು ವಾರ ಇಟ್ಟರು. ಲಕ್ಷಾಂತರ ಜನ ಬಂದು ನೋಡಿದರು. ಆಮೇಲೆ ಯಾರೆಷ್ಟು ಹಣ ಸುರಿದರೂ ಆ ಸೇತುವೆಯ ಹೊಸ ಚಿತ್ರ ಅವರ ಕೈಯಿಂದ ಬರಲಿಲ್ಲ.

ಬಟ್ಟೆ ಸುತ್ತಿದ ಕಟ್ಟಡಗಳ ಫೋಟೊಗಳನ್ನು ನಾವೆಲ್ಲ ನೋಡಿದ್ದೇವೆ. ನನಗೆ ಅವಕ್ಕಿಂತ ಈ ಮುಂಗಡ ಚಿತ್ರಗಳೇ ಇಷ್ಟ. ದೊಡ್ಡವು ಸಾಮಾನ್ಯವಾಗಿ ಎರಡು ಭಾಗದವು. ಎರಡರ ಅಗಲವೂ 244 ಸೆಂಟಿಮೀಟರ್. ಒಂದರ ಎತ್ತರ 106.6, ಇನ್ನೊಂದರದು ಬರೀ 38. ಎತ್ತರದ್ದರಲ್ಲಿ ನೋಟವಿರುತ್ತದೆ: ಇದ್ದಿಲು, ಪೆನ್ಸಿಲ್, ಪಾಸ್ಟೆಲ್, ಮೇಣದ ಬಣ್ಣ. ಪಟ್ಟಿಯಂಥದರಲ್ಲಿ ನಕ್ಷೆ, ಅಳತೆ, ಕೈಬರಹದ ತಾಂತ್ರಿಕ ವಿವರ. ಕೊಲಾಜುಗಳಲ್ಲಿ ನಿಜವಾದ ಬಟ್ಟೆಯ ತುಂಡನ್ನೇ ಅಂಟಿಸಿದ್ದುಂಟು. ವೋಲ್ಫ್‌ಗಾಂಗ್ ವೋಲ್ಟ್ಸ್ ತೆಗೆದ ಫೋಟೊದ ಮೇಲೆಯೇ ಬಣ್ಣ ಎಳೆದದ್ದೂ ಉಂಟು.

ಬರ್ಲಿನ್ನಿನ ರೈಕ್‌ಸ್ಟಾಗ್ ಭವನದ ಚಿತ್ರಗಳನ್ನು ವರ್ಷವಾರು ಜೋಡಿಸಿ ನೋಡಬೇಕು. 1971ರಲ್ಲಿ ಮೈಕೇಲ್ ಕಲನ್ ಎಂಬವರು ಆ ಭವನದ ಒಂದು ಪೋಸ್ಟ್‌ಕಾರ್ಡ್ ಕಳಿಸಿ, ಇದಕ್ಕೆ ಬಟ್ಟೆ ಸುತ್ತಬಾರದೇಕೆ ಎಂದು ಕೇಳಿದ್ದರು. ಕ್ರಿಸ್ಟೊ ಬರ್ಲಿನ್ನಿಗೆ ಮೊದಲು ಕಾಲಿಟ್ಟದ್ದು 1976ರಲ್ಲಿ. ಮೊದಮೊದಲ ಚಿತ್ರಗಳಲ್ಲಿ ಬಟ್ಟೆ ಸಡಿಲ. ಹಗ್ಗ ಎಲ್ಲಿ ಬಿಗಿಯಬೇಕೆಂಬುದು ಬರೆದವರಿಗೇ ಇನ್ನೂ ತಿಳಿದಿಲ್ಲ. ಹೋಗುತ್ತ ಹೋಗುತ್ತ ನೆರಿಗೆಗಳು ಖಚಿತವಾಗುತ್ತವೆ, ಎಂಜಿನಿಯರರ ಲೆಕ್ಕ ಗೆರೆಯೊಳಗೆ ಇಳಿಯುತ್ತದೆ. 1994ರಲ್ಲಿ ಜರ್ಮನಿಯ ಸಂಸತ್ತು ಇದನ್ನು ಚರ್ಚೆಗೆ ತೆಗೆದುಕೊಂಡು 292–223 ಮತಗಳಿಂದ ಒಪ್ಪಿತು. ಮರುವರ್ಷ ಒಂದು ಲಕ್ಷ ಚದರ ಮೀಟರ್ ಬೆಳ್ಳಿಬಣ್ಣದ ಬಟ್ಟೆ ಎರಡು ವಾರ ಗಾಳಿಗೆ ಅಲುಗಿತು. 24 ವರ್ಷದ ಅನುಮಾನ ಕರಗುತ್ತ ಬಂದದ್ದು ಕಾಣುವುದು ಆ ಚಿತ್ರಗಳಲ್ಲಿ ಮಾತ್ರ. ಫೋಟೊದಲ್ಲಿ ಅನುಮಾನ ಇರುವುದಿಲ್ಲ.

ಚಿತ್ರಗಳಿಗೆ ಇನ್ನೊಂದು ಕೆಲಸವೂ ಇತ್ತು: ದುಡ್ಡು ಹುಟ್ಟಿಸುವುದು. ಪ್ರಾಯೋಜಕರಿಲ್ಲ, ಸರ್ಕಾರದ ಅನುದಾನವಿಲ್ಲ, ನೋಡುಗರಿಗೆ ಟಿಕೆಟ್ ಇಲ್ಲ. ಲೇಔಟ್ ಆಗುವ ಮೊದಲೇ ನಕ್ಷೆ ತೋರಿಸಿ ಸೈಟು ಮಾರುವವರ ಹಾಗೆ ಇವರೂ ಆಗದ ಕೆಲಸದ ಚಿತ್ರ ಮಾರುತ್ತಿದ್ದರು. ಬಂದದ್ದನ್ನೆಲ್ಲ ಆ ಕೆಲಸಕ್ಕೇ ಸುರಿಯುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ. ನಮ್ಮಲ್ಲಿ ಒಂದು ವೃತ್ತಕ್ಕೆ ಬಣ್ಣ ಹೊಡೆಸಿದರೂ ಪ್ರಾಯೋಜಕರ ಹೆಸರೇ ಮೊದಲು ಕಣ್ಣಿಗೆ ಬೀಳುತ್ತದೆ.

ಕ್ರಿಸ್ಟೊ ಮತ್ತು ಪತ್ನಿ ಝಾನ್-ಕ್ಲೋಡ್ ಹುಟ್ಟಿದ್ದು ಒಂದೇ ದಿನ, 1935ರ ಜೂನ್ 13. ಆತ ಬಲ್ಗೇರಿಯಾದ ಗಾಬ್ರೊವೊದಲ್ಲಿ, ಆಕೆ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ. ಸೋಫಿಯಾದ ಕಲಾಶಾಲೆಯಲ್ಲಿದ್ದಾಗ ಕ್ರಿಸ್ಟೊ ಮತ್ತು ಸಹಪಾಠಿಗಳನ್ನು ರೈಲುಹಳಿಯ ಪಕ್ಕದ ಹೊಲಗಳಿಗೆ ಕಳಿಸುತ್ತಿದ್ದರಂತೆ: ಓರಿಯೆಂಟ್ ಎಕ್ಸ್‌ಪ್ರೆಸ್‌ನಲ್ಲಿ ಹೋಗುವ ಪಶ್ಚಿಮದವರ ಕಣ್ಣಿಗೆ ಟ್ರ್ಯಾಕ್ಟರು, ಹುಲ್ಲಿನ ಬಣವೆ ಚೆನ್ನಾಗಿ ಕಾಣುವಂತೆ ಇಡಿಸುವುದಕ್ಕೆ! ರೈತರೊಂದಿಗೆ ಮಾತಾಡುವುದನ್ನು ಅಲ್ಲೇ ಕಲಿತಿರಬೇಕು. ಕ್ಯಾಲಿಫೋರ್ನಿಯಾದಲ್ಲಿ 39.4 ಕಿಲೋಮೀಟರ್ ಉದ್ದದ ಬಟ್ಟೆಯ ಬೇಲಿ ಎಳೆಯುವಾಗ (1976) 59 ರೈತರನ್ನು ಒಪ್ಪಿಸಬೇಕಾಯಿತು. 1957ರಲ್ಲಿ ದೇಶ ಬಿಟ್ಟು ಓಡಿದ್ದು, ಪ್ಯಾರಿಸ್ಸಿನಲ್ಲಿ ಝಾನ್-ಕ್ಲೋಡ್ ಭೇಟಿ, 1964ರಲ್ಲಿ ನ್ಯೂಯಾರ್ಕಿಗೆ ವಾಸ – ಮಿಕ್ಕದ್ದು ಇಷ್ಟು.

ಹೊರಾಂಗಣದ ಕೃತಿಗಳಿಗೆಲ್ಲ ಇಬ್ಬರ ಹೆಸರೂ ಸಲ್ಲುತ್ತದೆ. ಚಿತ್ರಗಳು ಕ್ರಿಸ್ಟೊ ಒಬ್ಬರವೇ. ಆಕೆ ಚಿತ್ರ ಬರೆಯುವುದಿಲ್ಲ, ಆತ ತೆರಿಗೆ ಲೆಕ್ಕಿಗನ ಜೊತೆ ಮಾತಾಡುವುದಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಹೋವರ್ಡ್ ಬೀದಿಯ ಮನೆಯ ಮೇಲಂತಸ್ತಿನಲ್ಲಿ ಕ್ರಿಸ್ಟೊ ಅವರ ಸ್ಟುಡಿಯೋ, ಲಿಫ್ಟ್ ಇಲ್ಲ, ಸಹಾಯಕರಿಲ್ಲ. ಎಂಬತ್ತು ದಾಟಿದ ಮೇಲೂ ಮೆಟ್ಟಿಲು ಹತ್ತಿ, ಇದ್ದಿಲನ್ನು ತಾವೇ ತೀಡಿ, ಚೌಕಟ್ಟನ್ನೂ ತಾವೇ ಹಾಕುತ್ತಿದ್ದರು.

ಬರೆದದ್ದೆಲ್ಲ ಆಗಲಿಲ್ಲ. ಕೊಲರಾಡೋದ ಅರ್ಕನ್ಸಾ ನದಿಯ ಮೇಲೆ ಬಟ್ಟೆಯ ಚಪ್ಪರ ಹಾಕುವ ಯೋಜನೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು, 2017ರಲ್ಲಿ ಕ್ರಿಸ್ಟೊ ಅದನ್ನು ಕೈಬಿಟ್ಟರು. ಆ ಭೂಮಿ ಕೇಂದ್ರ ಸರ್ಕಾರದ್ದು; ಟ್ರಂಪ್ ಅದರ ಒಡೆಯರಾಗುವುದು ಅವರಿಗೆ ಬೇಕಿರಲಿಲ್ಲ. ನದಿ ಇದ್ದ ಹಾಗೇ ಹರಿಯುತ್ತಿದೆ, ಚಪ್ಪರ ಮಾರಾಟವಾದ ಚಿತ್ರಗಳಲ್ಲಿದೆ. ಝಾನ್-ಕ್ಲೋಡ್ 2009ರಲ್ಲೇ ತೀರಿಕೊಂಡಿದ್ದರು. 2020ರ ಮೇ 31ರಂದು ಕ್ರಿಸ್ಟೊ ಹೋದಾಗ ಪ್ಯಾರಿಸ್ಸಿನ ಆರ್ಕ್ ದ ತ್ರಿಯೋಂಫ್‌ಗೆ ಬಟ್ಟೆ ಸುತ್ತುವುದು ಇನ್ನೂ ಬಾಕಿ ಇತ್ತು. ಅವರು ಬರೆದಿಟ್ಟದ್ದನ್ನು ಮುಂದಿಟ್ಟುಕೊಂಡು ಮರುವರ್ಷ ಸೆಪ್ಟೆಂಬರಿನಲ್ಲಿ 25,000 ಚದರ ಮೀಟರ್ ಬಟ್ಟೆಯನ್ನು ಕೆಂಪು ಹಗ್ಗದಿಂದ ಬಿಗಿದರು. 16 ದಿನ ಇಟ್ಟು ಬಿಚ್ಚಿದರು.

ಉಳಿದಿರುವುದು ಅಬುಧಾಬಿಯ ಮಸ್ತಬಾ. 4,10,000 ತೈಲದ ಪೀಪಾಯಿಗಳನ್ನು 150 ಮೀಟರ್ ಎತ್ತರಕ್ಕೆ ಪೇರಿಸುವ ಯೋಚನೆ 1977ರದು. ಅದರ ಚಿತ್ರ ಬರೆಯುವ ಕೈ ಈಗಿಲ್ಲ. ಇರುವಷ್ಟರಲ್ಲೇ ಕೆಲಸ ಸಾಗಬೇಕು. ಎರಡು ವಾರ ನಿಲ್ಲಿಸಿ ಬಿಚ್ಚುವುದನ್ನೇ ಬದುಕಾಗಿಸಿಕೊಂಡಿದ್ದ ಈ ದಂಪತಿ, ದೊಡ್ಡ ಕೃತಿಗಳ ಪೈಕಿ ಶಾಶ್ವತವಾಗಿ ನಿಲ್ಲಲಿ ಎಂದು ಬಯಸಿದ್ದು ಇದೊಂದನ್ನೇ. ಅದು ಇನ್ನೂ ಕಾಗದದ ಮೇಲೇ ಇದೆ.