ಮುಳ್ಳು ಅಲುಗಿತು

ಸೈಕಲ್ ಪಂಪಿನ ಪಕ್ಕದಲ್ಲಿಟ್ಟರೆ ಯಾರೂ ಎರಡನೇ ಸಲ ತಿರುಗಿ ನೋಡದಂಥ ಸಾಮಾನು ಅದು. ಒಂದು ಪೊಳ್ಳು ರಬ್ಬರ್ ಬುರುಡೆ, ಅದರಿಂದ ಹೊರಟ ರಬ್ಬರ್ ಕೊಳವೆ, ಕೊಳವೆಯ ತುದಿಯಲ್ಲಿ ಬಿಪಿ ನೋಡುವ ಯಂತ್ರಕ್ಕಿರುವಂಥ ದುಂಡನೆಯ ಡಯಲು. ಡಯಲಿನ ಮೇಲೆ ಸೊನ್ನೆಯಿಂದ ನೂರರ ತನಕ ಗೆರೆಗಳು. ಬುರುಡೆಯನ್ನು ಯೋನಿಯೊಳಗೆ ಇಟ್ಟುಕೊಂಡು ಸುತ್ತಲಿನ ಸ್ನಾಯುವನ್ನು ಬಿಗಿದರೆ ಒಳಗಿನ ಗಾಳಿ ಅಮುಕಿಕೊಂಡು ಮುಳ್ಳು ಮೇಲೇಳುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಲಾಸ್ ಏಂಜಲಿಸ್‌ನ ಸ್ತ್ರೀರೋಗ ತಜ್ಞ ಆರ್ನಲ್ಡ್ ಕೆಗೆಲ್ 1940ರ ದಶಕದಲ್ಲಿ ಇದನ್ನು ಸಿದ್ಧಪಡಿಸಿ ಪೆರಿನಿಯೋಮೀಟರ್ ಎಂದು ಕರೆದರು.

ಕೆಗೆಲ್ ಹೆಸರು ಇವತ್ತು ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲೂ ಇದೆ, ಮೊಬೈಲಿನ ವಿಡಿಯೋಗಳಲ್ಲೂ ಇದೆ. ಡಯಲು ಮಾತ್ರ ಎಲ್ಲೂ ಕಾಣುವುದಿಲ್ಲ. ಅವರು ಕಂಡುಹಿಡಿದದ್ದರಲ್ಲಿ ಮುಖ್ಯವಾದದ್ದು ವ್ಯಾಯಾಮವಲ್ಲ, ಡಯಲು ಎಂದು ನನಗನ್ನಿಸುತ್ತದೆ. ಅದನ್ನು ಕಳೆದುಕೊಂಡದ್ದಕ್ಕೆ ವೈದ್ಯಕೀಯ ನಲವತ್ತು ವರ್ಷ ಸುತ್ತು ಹಾಕಬೇಕಾಯಿತು.

ಕಾಯಿಲೆ ಹಳೆಯದು, ಎಲ್ಲ ಮನೆಗಳಿಗೂ ಗೊತ್ತಿರುವುದು, ಯಾರೂ ಬಾಯಿ ಬಿಡದಿರುವುದು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ನೀರಿನ ಕೊಡ ಎತ್ತಿದರೆ ನಾಲ್ಕು ಹನಿ ಮೂತ್ರ ಸೋರುತ್ತದೆ. ಎರಡು ಮೂರು ಹೆರಿಗೆ ಆದ ಹೆಂಗಸರಲ್ಲಿ ಮಾಮೂಲು, ಮುಟ್ಟು ನಿಂತ ಮೇಲೆ ಇನ್ನಷ್ಟು. ದೂರದ ಬಸ್ ಪ್ರಯಾಣ ಬೇಡ ಎನ್ನುವುದು, ಮದುವೆ ಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿಯುವುದು, ಹೊರಡುವ ಮುಂಚೆ ನೀರು ಕುಡಿಯದಿರುವುದು, ಮೊಮ್ಮಗು ಎತ್ತಿಕೋ ಎಂದು ಕೈ ಚಾಚಿದರೆ ಏನೋ ನೆವ ಹೇಳುವುದು. ಇವುಗಳ ಹಿಂದಿನ ಕಾರಣ ಎಷ್ಟೋ ಸಲ ಮನೆಯವರಿಗೇ ತಿಳಿದಿರುವುದಿಲ್ಲ. ನಮ್ಮ ಬಾಣಂತನದಲ್ಲಿ ಎಣ್ಣೆ, ಬಿಸಿನೀರು, ಪಥ್ಯ ಎಲ್ಲಕ್ಕೂ ಕಟ್ಟುನಿಟ್ಟು. ಹಳೆ ಸೀರೆಯಲ್ಲಿ ಹೊಟ್ಟೆಯನ್ನೂ ಬಿಗಿದು ಕಟ್ಟುತ್ತಾರೆ. ಹೊಟ್ಟೆಯ ಕೆಳಗೆ ಒಂದು ಸ್ನಾಯು ಹರಿದಷ್ಟು ಹಿಗ್ಗಿ ಸುಸ್ತಾಗಿ ಬಿದ್ದಿದೆ ಎನ್ನುವುದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಆ ಸ್ನಾಯು ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲಮೂಳೆಯ ತನಕ ಮಗುವಿನ ಜೋಲಿಯ ಹಾಗೆ ಇಳಿಬಿದ್ದಿರುತ್ತದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರರ ಭಾರವೂ ಅದರ ಮೇಲೆ. ಇಂಗ್ಲಿಷಿನವರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನೆಲ ಗಟ್ಟಿ, ಇದು ಅಲುಗುವಂಥದ್ದು, ಹಾಗಾಗಿ ಜೋಲಿಯೇ ಸರಿಯಾದ ಹೋಲಿಕೆ. ಜೋಲಿ ಸಡಿಲಾದರೆ ಹೊಲಿಗೆ ಹಾಕಿ ಬಿಗಿ ಮಾಡಬೇಕು ಎನ್ನುವುದು ಆಗಿನ ಶಸ್ತ್ರವೈದ್ಯರ ನ್ಯಾಯ.

ಕೆಗೆಲ್‌ಗಿಂತ ಮುಂಚೆ ಯಾರಿಗೂ ಬೇರೆ ದಾರಿ ಹೊಳೆದಿರಲಿಲ್ಲ ಎಂದಲ್ಲ. ಲಂಡನ್ನಿನಲ್ಲಿ ಮಾರ್ಗರೆಟ್ ಮಾರಿಸ್ ಎಂಬ ನೃತ್ಯಗಾತಿ ಇದ್ದರು. ನೃತ್ಯ ಕಲಿಸುತ್ತಲೇ ಫಿಸಿಯೋಥೆರಪಿ ಓದಿದವರು. ಸೇಂಟ್ ಥಾಮಸ್ ಆಸ್ಪತ್ರೆಯ ಮಿನ್ನಿ ರಾಂಡೆಲ್ ಜೊತೆ ಕೆಲಸ ಮಾಡಿದ ಅವರು ಬಾಣಂತಿಯರ ವ್ಯಾಯಾಮದ ಬಗ್ಗೆ 1936ರಲ್ಲಿ ಬರೆದಾಗ ಈ ಸ್ನಾಯುವನ್ನು ಬಿಗಿದು ಬಿಡುವುದನ್ನೂ ಸೇರಿಸಿದ್ದರು. ನಮ್ಮ ಹಠಯೋಗದವರು ಅದಕ್ಕಿಂತ ಎಷ್ಟೋ ಮುಂಚೆ ಮೂಲಬಂಧ ಎಂದು ಹೇಳಿದ್ದು ಇದೇ ಜಾಗದ ಬಿಗಿತವನ್ನು. ಆದರೆ ಅವರ ಗುರಿ ಅಪಾನವಾಯುವನ್ನು ಮೇಲೆತ್ತುವುದು, ಬಾಣಂತಿಯ ಸೋರಿಕೆ ನಿಲ್ಲಿಸುವುದಲ್ಲ. 'ನಮ್ಮಲ್ಲಿ ಆಗಲೇ ಇತ್ತು' ಎಂದು ಎದೆ ತಟ್ಟಿಕೊಳ್ಳುವವರು ಆ ಜ್ಞಾನ ಬಾಣಂತಿ ಕೋಣೆಯ ಹೊಸ್ತಿಲು ಯಾಕೆ ದಾಟಲಿಲ್ಲ ಎನ್ನುವುದನ್ನೂ ಹೇಳಬೇಕಾಗುತ್ತದೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಸ್ನಾಯುಗಳ ಬಗ್ಗೆ ಹೊಸ ಯೋಚನೆ ಶುರುವಾಗಿತ್ತು. ಷಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ವೈದ್ಯರು ಗಾಯಾಳು ಸೈನಿಕರ ಸೊರಗಿದ ತೊಡೆಗೆ ಭಾರ ಕಟ್ಟಿ, ದಿನ ಕಳೆದಂತೆ ಭಾರ ಏರಿಸಿ ಬಲ ತರಿಸಿ, 1945ರಲ್ಲಿ ಅದನ್ನು ಪ್ರಕಟಿಸಿದರು. ಕೆಗೆಲ್ 1948ರಲ್ಲಿ ಅಮೆರಿಕದ ಪ್ರಸೂತಿ ವೈದ್ಯರ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹದಲ್ಲೂ ಇರುವುದು ಅದೇ ಮಾತು: ಹಂತ ಹಂತವಾಗಿ ಪ್ರತಿರೋಧ ಏರಿಸುವ ವ್ಯಾಯಾಮ. ಮಂಡಿಯ ಸ್ನಾಯುವಿಗೂ ಹೆರಿಗೆಯಲ್ಲಿ ಸೋತ ಸ್ನಾಯುವಿಗೂ ಒಂದೇ ನಿಯಮ, ಕೆಲಸ ಕೊಟ್ಟರೆ ಬಲಿಯುತ್ತದೆ.

ತೊಡಕು ಇದ್ದದ್ದು ಇನ್ನೊಂದು ಕಡೆ. ತೊಡೆ ಕಣ್ಣಿಗೆ ಕಾಣುತ್ತದೆ, ಭಾರ ಎತ್ತಿದ್ದು ಗೊತ್ತಾಗುತ್ತದೆ. ಈ ಸ್ನಾಯು ಕಾಣುವುದಿಲ್ಲ, ಅದಕ್ಕೊಂದು ಹೆಸರೂ ನಾಲಗೆಯ ಮೇಲಿಲ್ಲ. ಬಿಗಿಯಿರಿ ಎಂದರೆ ಒಬ್ಬಾಕೆ ಹೊಟ್ಟೆ ಬಿಗಿಯುತ್ತಾಳೆ, ಇನ್ನೊಬ್ಬಾಕೆ ಪೃಷ್ಠ, ಮತ್ತೊಬ್ಬಾಕೆ ಉಸಿರು ಕಟ್ಟಿ ಮುಕ್ಕುತ್ತಾಳೆ. ಮುಕ್ಕಿದರೆ ಒತ್ತಡ ಕೆಳಕ್ಕೇ ಬೀಳುವುದರಿಂದ ಜೋಲಿ ಇನ್ನೂ ಜಗ್ಗುತ್ತದೆ. ಸರಿಯಾದ ಜಾಗ ಯಾವುದೆಂದು ಕೆಗೆಲ್ ಮೊದಲು ಪರೀಕ್ಷೆಯ ವೇಳೆ ಬೆರಳಿನಿಂದ ತೋರಿಸಿಕೊಟ್ಟರು. ಆಮೇಲೆ ಡಯಲು ಕೊಟ್ಟರು. ಸಣ್ಣಗೆ ಬಿಗಿದರೂ ಮುಳ್ಳು ಒಂದೆರಡು ಗೆರೆ ಅಲುಗುತ್ತದಲ್ಲ, ಆ ಅಲುಗಾಟವೇ ಪಾಠ. ತನ್ನ ದೇಹದೊಳಗೆ ಹೀಗೊಂದು ಭಾಗವಿದೆ, ಅದು ತನ್ನ ಮಾತು ಕೇಳುತ್ತದೆ ಎಂದು ಹೆಂಗಸು ಕಣ್ಣಾರೆ ಕಾಣುತ್ತಾಳೆ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಇಪ್ಪತ್ತು ನಿಮಿಷ, ಮುಳ್ಳನ್ನು ನೋಡುತ್ತಾ ಮನೆಯಲ್ಲೇ ಅಭ್ಯಾಸ. ದೇಹದ ಒಳಗಿನ ಕೆಲಸವನ್ನು ಯಂತ್ರದಲ್ಲಿ ಕಂಡು ತಿದ್ದಿಕೊಳ್ಳುವ ಈ ವಿಧಾನಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಹೆಸರು ಬಂದದ್ದು ಇಪ್ಪತ್ತು ವರ್ಷ ಬಿಟ್ಟು.

ನೂರಕ್ಕೆ 84 ಮಂದಿಗೆ ವಾಸಿಯಾಯಿತು ಎಂದು ಕೆಗೆಲ್ ವರದಿ ಮಾಡಿದರು. ವ್ಯಾಯಾಮ ಮಾಡದ ಒಂದು ಗುಂಪನ್ನು ಇಟ್ಟುಕೊಂಡು ಹೋಲಿಸಿದ ಲೆಕ್ಕ ಅದಲ್ಲ, ಹಾಗಾಗಿ ಆ ಅಂಕಿಯನ್ನು ಈಗಿನ ಕಣ್ಣಿನಲ್ಲಿ ಪೂರ್ತಿ ಒಪ್ಪುವುದು ಕಷ್ಟ. ಇನ್ನೊಂದು ಸಂಗತಿ ಅವರು ಹುಡುಕದೆಯೇ ಸಿಕ್ಕಿತು. ಸೋರಿಕೆಗೆಂದು ಅಭ್ಯಾಸ ಮಾಡಿದವರಲ್ಲಿ ಕೆಲವರು ಗಂಡನ ಜೊತೆಗಿನ ಸುಖವೂ ಹೆಚ್ಚಿತು ಎಂದರು. 1952ರಲ್ಲಿ ಕೆಗೆಲ್ ಅದರ ಬಗ್ಗೆಯೇ ಒಂದು ಲೇಖನ ಬರೆದರು. ಪತ್ರಿಕೆಗಳು ಈ ಎರಡನೆಯದನ್ನು ಇವತ್ತಿಗೂ ದೊಡ್ಡಕ್ಷರದಲ್ಲಿ ಹಾಕುತ್ತವೆ, ಮೊದಲನೆಯದನ್ನು ಮರೆಯುತ್ತವೆ.

ಇಷ್ಟಾದರೂ ಮುಂದಿನ ಮೂರು ದಶಕ ಗೆದ್ದದ್ದು ಶಸ್ತ್ರಚಿಕಿತ್ಸೆಯೇ. ಡಯಲು ಮೂಲೆ ಸೇರಿತು. ಉಳಿದದ್ದು ಒಂದು ಹೆಸರು, ಒಂದು ಸಲಹೆ: ದಿನಾ ಇಷ್ಟು ಸಲ ಬಿಗಿದು ಬಿಡಿ, ಮೂತ್ರ ಮಾಡುವಾಗ ನಡುವೆ ತಡೆದು ನೋಡಿ. ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಎಷ್ಟು ಜನಕ್ಕೆ ಹತ್ತುತ್ತದೆ? 1991ರಲ್ಲಿ ಅಮೆರಿಕದ ರಿಚರ್ಡ್ ಬಂಪ್ ಮತ್ತು ಸಂಗಡಿಗರು 47 ಹೆಂಗಸರಿಗೆ ಹಾಗೇ ಚುಟುಕಾಗಿ ಹೇಳಿಕೊಟ್ಟು ಒತ್ತಡ ಅಳೆದರು. ಸರಿಯಾಗಿ ಮಾಡಿದವರು 23 ಮಂದಿ. 12 ಮಂದಿ ಮಾಡಿದ ರೀತಿಯಂತೂ ಸೋರಿಕೆಯನ್ನೇ ಹೆಚ್ಚಿಸುವಂಥದ್ದು. ಔಷಧಿ ಅಂಗಡಿಯವನು ನಾಲ್ಕು ಜನರಲ್ಲಿ ಒಬ್ಬರಿಗೆ ಉಲ್ಟಾ ಮಾತ್ರೆ ಕೊಟ್ಟರೆ ಊರು ಸುಮ್ಮನಿರುತ್ತದೆಯೇ?

ಇದರ ಹಿಂದಿನ ವರ್ಷವೇ ನಾರ್ವೆಯಿಂದ ಇನ್ನೊಂದು ಸುದ್ದಿ ಬಂದಿತ್ತು. ಓಸ್ಲೋದ ಕಾರಿ ಬೊ ಫಿಸಿಯೋಥೆರಪಿಸ್ಟ್, ಕ್ರೀಡಾ ವಿಜ್ಞಾನವನ್ನೂ ಅರೆದು ಕುಡಿದವರು. ಓಟಗಾರರಿಗೆ ತರಬೇತುದಾರ ಯಾಕೆ ಬೇಕು ಎನ್ನುವುದನ್ನು ಬಲ್ಲ ಕಣ್ಣು ಅವರದು. ಸೋರಿಕೆ ಇದ್ದ 52 ಹೆಂಗಸರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಸ್ನಾಯುವನ್ನು ಸರಿಯಾಗಿ ಗುರುತಿಸಲು ಕಲಿಸಿದರು, ಎಲ್ಲರಿಗೂ ಮನೆಯಲ್ಲಿ ದಿನಕ್ಕೆ ಮೂರು ಸುತ್ತು, ಸುತ್ತಿಗೆ 8ರಿಂದ 12 ಗಟ್ಟಿ ಬಿಗಿತ. ವ್ಯತ್ಯಾಸ ಒಂದೇ: ಒಂದು ಗುಂಪು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಒಟ್ಟಿಗೆ ಸೇರಿ, ಕಲಿಸುವವರ ಎದುರು, ಅವರು ಹುರಿದುಂಬಿಸುತ್ತಿದ್ದಂತೆ ಮಾಡಿತು. ಆರು ತಿಂಗಳಾದ ಮೇಲೆ ಸೋರಿಕೆ ನಿಂತಿತು ಅಥವಾ ನಿಂತಂತೆಯೇ ಎಂದವರು ಈ ಗುಂಪಿನಲ್ಲಿ ನೂರಕ್ಕೆ 60, ಒಂಟಿಯಾಗಿ ಮಾಡಿದವರಲ್ಲಿ 17. ಕೆಗೆಲ್‌ಗೆ ಮುಳ್ಳು ಮಾಡಿಕೊಟ್ಟ ಕೆಲಸವನ್ನು ಇಲ್ಲಿ ಒಬ್ಬ ಮನುಷ್ಯಳು ಮಾಡಿದ್ದಳು.

1999ರಲ್ಲಿ ಬೊ ಇನ್ನೂ ಬಿಗಿಯಾದ ಪರೀಕ್ಷೆಗಿಳಿದರು. 107 ಹೆಂಗಸರು, ನಾಲ್ಕು ಗುಂಪು: ವ್ಯಾಯಾಮ, ವಿದ್ಯುತ್ ಪ್ರಚೋದನೆ, ಯೋನಿಯೊಳಗೆ ಇಟ್ಟುಕೊಳ್ಳುವ ತೂಕದ ಶಂಕುಗಳು, ಚಿಕಿತ್ಸೆ ಇಲ್ಲದವರು. 'ಈಗ ನನಗೆ ಇದೊಂದು ಸಮಸ್ಯೆಯೇ ಅಲ್ಲ' ಎಂದವರು ವ್ಯಾಯಾಮದ ಗುಂಪಿನ 25ರಲ್ಲಿ 14 ಮಂದಿ. ವಿದ್ಯುತ್ತಿನಲ್ಲಿ ಮೂವರು, ಶಂಕುವಿನಲ್ಲಿ ಇಬ್ಬರು, ಏನೂ ಮಾಡದವರಲ್ಲಿ ಒಬ್ಬಾಕೆ. ಕೆಗೆಲ್ ಬಳಿ ಇಲ್ಲದಿದ್ದ ಹೋಲಿಕೆ ಐವತ್ತು ವರ್ಷದ ಮೇಲೆ ಸಿಕ್ಕಿತು. ಅದೇ ದೇಶದ ಟ್ರೋಂಡ್‌ಹೈಮ್‌ನಲ್ಲಿ ಸಿವ್ ಮೊರ್ಕ್ವೆಡ್ ಚೊಚ್ಚಲು ಬಸಿರಿನ 301 ಹೆಂಗಸರ ಜೊತೆ ಇದನ್ನೇ ಹೆರಿಗೆಗೆ ಮೊದಲೇ ಮಾಡಿ ನೋಡಿದರು. ಹೆರಿಗೆಯಾಗಿ ಮೂರು ತಿಂಗಳಿಗೆ ಸೋರಿಕೆ ಇದ್ದವರು ತರಬೇತಿ ಪಡೆದವರಲ್ಲಿ ನೂರಕ್ಕೆ 20, ಉಳಿದವರಲ್ಲಿ 32. ಈ ಫಲಿತಾಂಶ ಬಂದದ್ದು 2003ರಲ್ಲಿ.

ಈ ಹೊತ್ತಿನಲ್ಲಿ ವೈದ್ಯರ ಇನ್ನೊಂದು ದಂಡು ಬೇರೆ ದಾರಿ ಹಿಡಿದು ಹೊರಟಿತ್ತು. ಅವರ ತರ್ಕದಲ್ಲಿ ಮೇಲ್ನೋಟಕ್ಕೆ ಒಂದು ಸಂದೂ ಇರಲಿಲ್ಲ. ಮುಟ್ಟು ನಿಲ್ಲುವಾಗ ಈಸ್ಟ್ರೊಜೆನ್ ಹಾರ್ಮೋನು ಇಳಿಯುತ್ತದೆ. ಮೂತ್ರನಾಳದ ಗೋಡೆಯಲ್ಲೂ ಯೋನಿಯಲ್ಲೂ ಆ ಹಾರ್ಮೋನಿಗೆ ಓಗೊಡುವ ಕಣಗಳಿವೆ. ಹಾರ್ಮೋನು ಇಳಿದಾಗ ಅಲ್ಲಿನ ಪದರ ತೆಳುವಾಗುತ್ತದೆ, ಸೋರಿಕೆಯೂ ಆ ವಯಸ್ಸಿನಲ್ಲೇ ಹೆಚ್ಚು. ಅಂದಮೇಲೆ ಹಾರ್ಮೋನಿನ ಮಾತ್ರೆ ಕೊಟ್ಟರೆ ಸರಿಹೋಗಬೇಕು. ವ್ಯಾಯಾಮಕ್ಕಿಂತ ಮಾತ್ರೆ ಸುಲಭ ಬೇರೆ. ಅಮೆರಿಕದಲ್ಲಿ ಬಹಳ ಚಾಲ್ತಿಯಲ್ಲಿದ್ದ ಈಸ್ಟ್ರೊಜೆನ್ ಮಾತ್ರೆಯನ್ನು ತೆಗೆಯುತ್ತಿದ್ದುದು ಗಬ್ಬದ ಹೆಣ್ಣುಕುದುರೆಗಳ ಮೂತ್ರದಿಂದ. ಮೂತ್ರದ ತೊಂದರೆಗೆ ಕುದುರೆಯ ಮೂತ್ರವೇ ಮದ್ದು ಎಂದು ಯಾವ ಹಳ್ಳಿಯ ನಾಟಿ ವೈದ್ಯನಾದರೂ ಹೇಳಿದ್ದರೆ ಎಷ್ಟು ನಗುತ್ತಿದ್ದೆವೋ!

ಆ ತರ್ಕ ಮುರಿದು ಬಿದ್ದದ್ದು ಹೃದ್ರೋಗಕ್ಕೆಂದು ನಡೆಸಿದ ಒಂದು ಪರೀಕ್ಷೆಯಲ್ಲಿ. ಮುಟ್ಟು ನಿಂತ, ಹೃದಯದ ಕಾಯಿಲೆಯಿದ್ದ 2,763 ಅಮೆರಿಕನ್ ಹೆಂಗಸರಿಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ, ಇಲ್ಲವೇ ಹುಸಿ ಮಾತ್ರೆ ಕೊಟ್ಟು ಸುಮಾರು ನಾಲ್ಕು ವರ್ಷ ನೋಡಿದರು. ಅವರಲ್ಲಿ 1,525 ಮಂದಿಗೆ ಮೊದಲೇ ಸೋರಿಕೆ ಇತ್ತು. ಆ ಗುಂಪಿನ ಲೆಕ್ಕವನ್ನು ಡೆಬೊರಾ ಗ್ರೇಡಿ ಮತ್ತು ಸಂಗಡಿಗರು 2001ರಲ್ಲಿ ಹೊರಗಿಟ್ಟರು. ಸೋರಿಕೆ ಹೆಚ್ಚಾದದ್ದು ಹುಸಿ ಮಾತ್ರೆಯವರಲ್ಲಿ ನೂರಕ್ಕೆ 27, ಹಾರ್ಮೋನು ನುಂಗಿದವರಲ್ಲಿ 39. ನಾಲ್ಕು ವರ್ಷದ ಮೇಲೆ ಇನ್ನೂ ದೊಡ್ಡ ಅಧ್ಯಯನವೊಂದು ಬಂತು. ಸೋರಿಕೆಯೇ ಇಲ್ಲದಿದ್ದವರಿಗೂ ಈ ಮಾತ್ರೆ ಶುರುಮಾಡಿ ಒಂದು ವರ್ಷ ಕಳೆಯುವುದರೊಳಗೆ ಕೆಮ್ಮು-ಸೀನಿನ ಸೋರಿಕೆ ಕಾಣಿಸಿಕೊಳ್ಳುವ ಸಂಭವ ಸುಮಾರು ಇಮ್ಮಡಿ ಎಂದು ಅದು ತೋರಿಸಿತು. ಯೋನಿಯ ಒಣಗುವಿಕೆಗೆ ಅಲ್ಲೇ ಹಚ್ಚುವ ಈಸ್ಟ್ರೊಜೆನ್ ಕ್ರೀಮಿನ ವಿಷಯ ಬೇರೆ, ಅದನ್ನು ಇದರ ಜೊತೆ ಕಲಸಬಾರದು. ನುಂಗುವ ಮಾತ್ರೆಯ ದಾರಿ ಮಾತ್ರ ಅಲ್ಲಿಗೆ ಮುಚ್ಚಿತು. ಬಾಯಿಮಾತಿಗಿಂತ ಅಳತೆ ದೊಡ್ಡದು ಎಂದು ಬಂಪ್ ತೋರಿಸಿದ್ದರು. ತರ್ಕಕ್ಕೂ ಆ ಮಾತು ಅನ್ವಯಿಸಿತು.

ಇನ್ನು ಸ್ನಾಯು ಬಿಗಿದರೆ ಸೋರಿಕೆ ಯಾಕೆ ನಿಲ್ಲುತ್ತದೆ ಎನ್ನುವ ಪ್ರಶ್ನೆ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ಡಿಲಾನ್ಸಿ 1994ರಲ್ಲಿ ಕೊಟ್ಟ ವಿವರಣೆಯನ್ನು ತೋಟಕ್ಕೆ ನೀರು ಬಿಡುವ ಯಾರಾದರೂ ಒಪ್ಪುತ್ತಾರೆ. ಗಟ್ಟಿ ನೆಲದ ಮೇಲಿರುವ ಪೈಪನ್ನು ತುಳಿದರೆ ನೀರು ನಿಲ್ಲುತ್ತದೆ. ಕೆಸರಿನ ಮೇಲಿರುವ ಪೈಪನ್ನು ತುಳಿದರೆ ಪೈಪು ಒಳಗೆ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಕೆಮ್ಮು ಎಂದರೆ ಮೇಲಿಂದ ಬಿದ್ದ ಕಾಲು, ಪೈಪು ಮೂತ್ರನಾಳ, ನೆಲವೋ ಕೆಸರೋ ಎನ್ನುವುದು ಜೋಲಿಯ ಬಿಗಿತದ ಮೇಲೆ.

ಹಾಗಿದ್ದರೆ ನೆಲ ಸದಾಕಾಲ ಗಟ್ಟಿ ಇರಬೇಕಾಗಿಲ್ಲ, ಕಾಲು ಬೀಳುವ ಕ್ಷಣದಲ್ಲಿ ಗಟ್ಟಿಯಾದರೆ ಸಾಕು. ಡಿಲಾನ್ಸಿ, ಅವರ ಸಹೋದ್ಯೋಗಿ ಜಾನಿಸ್ ಮಿಲ್ಲರ್ ಮತ್ತು ಎಂಜಿನಿಯರ್ ಜೇಮ್ಸ್ ಆಷ್ಟನ್-ಮಿಲ್ಲರ್ ಇದನ್ನು ಪರೀಕ್ಷಿಸಲು ಬಳಸಿದ್ದು ಅಡುಗೆಮನೆಯಲ್ಲಿ ಕೈ ಒರೆಸುವಂಥ ಪೇಪರ್ ಟವೆಲ್. 27 ಹಿರಿಯ ಹೆಂಗಸರು ಮೂತ್ರಕೋಶ ತುಂಬಿದ್ದಾಗ ಟವೆಲನ್ನು ಕೆಳಗೆ ಹಿಡಿದು ನಿಂತು ಕೆಮ್ಮಿದರು. ಒದ್ದೆಯಾದ ಜಾಗದ ಅಳತೆ ತೆಗೆದುಕೊಂಡರು. ಆಮೇಲೆ ಕೆಮ್ಮು ಬರುವ ತುಸು ಮೊದಲೇ ಸ್ನಾಯುವನ್ನು ಬಿಗಿದು ಹಿಡಿಯುವುದನ್ನು ಹೇಳಿಕೊಟ್ಟರು. ಒಂದು ವಾರ ಬಿಟ್ಟು ಮತ್ತೆ ಅದೇ ಪರೀಕ್ಷೆ. ಸ್ನಾಯು ಬಲಿಯುವುದಕ್ಕೆ ಒಂದು ವಾರ ಏನೇನೂ ಸಾಲದು, ಈ ಹೆಂಗಸರು ಕಲಿತದ್ದು ಸಮಯ ಸಾಧಿಸುವುದನ್ನು ಮಾತ್ರ. ಜೋರಾಗಿ ಕೆಮ್ಮಿದಾಗ ಒದ್ದೆ ಮುಕ್ಕಾಲು ಪಾಲಿನಷ್ಟು ಕಡಿಮೆಯಾಗಿತ್ತು. ಮಧ್ಯಮ ಕೆಮ್ಮಿಗೆ ನೂರಕ್ಕೆ 98ರಷ್ಟು, ಎಂದರೆ ಟವೆಲು ಹೆಚ್ಚುಕಡಿಮೆ ಒಣಗಿಯೇ ಇತ್ತು.