ಧಾನ್ಯವಿದ್ದೂ ಕ್ಷಾಮ!

ಆಧುನಿಕ ಪ್ರಪಂಚದ ಚರಿತ್ರೆಯನ್ನು ಅಭ್ಯಾಸಮಾಡುವ ಕಾಲೇಜು ವಿದ್ಯಾರ್ಥಿಗೆ ‘ಹಸಿವಿನ ಸಮಸ್ಯೆ’ ಎಂಬ ವಿಷಯವನ್ನು ಕೊಟ್ಟರೆ ಲೇಖನಿ ಸರಾಗವಾಗಿ ಓಡುತ್ತದೆ. ಅನಾವೃಷ್ಟಿ, ಪ್ರವಾಹ, ಯುದ್ಧ, ಜನಸಂಖ್ಯೆ—ಕಾರಣಗಳ ಪಟ್ಟಿ ಸಿದ್ಧವಾಗಿಯೇ ಇದೆ. ಆದರೆ ನಿಜವಾದ ಸಂಶೋಧನೆ ಆರಂಭವಾಗುವುದು ಆ ಪಟ್ಟಿಯ ಬಗೆಗೆ ಶಂಕೆ ಹುಟ್ಟಿದಾಗ. 1943ರ ಬಂಗಾಳದ ಕ್ಷಾಮ ಇದಕ್ಕೆ ತಕ್ಕ ನಿದರ್ಶನ.

ಕಲ್ಕತ್ತೆಯ ಬೀದಿಗಳಲ್ಲಿ

1942ರ ಮಾರ್ಚ್ ತಿಂಗಳಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ಬರುವುದು ನಿಂತಿತು. ಶತ್ರುವಿಗೆ ದೊರೆಯಬಾರದೆಂದು ಸರ್ಕಾರವು ಬಂಗಾಳದ ಕರಾವಳಿಯ ದೊಡ್ಡ ದೋಣಿಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರಿನಲ್ಲಿ ಮೇದಿನೀಪುರದ ತೀರಕ್ಕೆ ಚಂಡಮಾರುತ ಅಪ್ಪಳಿಸಿತು. ಮರುವರ್ಷ ಹಳ್ಳಿಗಳಿಂದ ಕಲ್ಕತ್ತೆಗೆ ಬಂದ ನಿರ್ಗತಿಕರು ಗಂಜಿಗಾಗಿ ಅಂಗಲಾಚುತ್ತ ಬೀದಿಗಳಲ್ಲೇ ಪ್ರಾಣಬಿಟ್ಟರು. ಆಗಸ್ಟ್ 22ರಂದು ‘ಸ್ಟೇಟ್ಸ್‌ಮನ್’ ಪತ್ರಿಕೆ ಪ್ರಕಟಿಸಿದ ಛಾಯಾಚಿತ್ರಗಳು ಈ ದಾರುಣ ಸತ್ಯವನ್ನು ಹೊರಗೆಡಹಿದವು.

ಸರ್ಕಾರ ನೇಮಿಸಿದ ವಿಚಾರಣಾ ಆಯೋಗವು 1945ರ ವರದಿಯಲ್ಲಿ, ಸತ್ತವರು ಸುಮಾರು 15 ಲಕ್ಷವೆಂದೂ, ಕಾರಣಗಳಲ್ಲಿ ಮೊದಲನೆಯದು ಅಕ್ಕಿಯ ತೀವ್ರ ಕೊರತೆಯೆಂದೂ ಹೇಳಿತು. ಸಾವಿನ ಸಂಖ್ಯೆ 30 ಲಕ್ಷದವರೆಗೂ ಇದ್ದೀತೆಂದು ಅನಂತರದ ವಿದ್ವಾಂಸರು ಅಂದಾಜು ಮಾಡಿದ್ದಾರೆ.

ಲೆಕ್ಕದ ಪುಸ್ತಕ ನುಡಿದ ಸಾಕ್ಷ್ಯ

ಆ ದೃಶ್ಯಗಳನ್ನು ಒಂಬತ್ತು ವರ್ಷದ ಬಾಲಕನಾಗಿ ಕಂಡಿದ್ದ ಅಮರ್ತ್ಯ ಸೇನರು ಮುಂದೆ ಅರ್ಥಶಾಸ್ತ್ರಜ್ಞರಾಗಿ ಹಳೆಯ ಅಂಕಿಅಂಶಗಳನ್ನು ಮತ್ತೆ ಬಿಚ್ಚಿದರು. 1981ರಲ್ಲಿ ಪ್ರಕಟವಾದ ಅವರ ಗ್ರಂಥದ ಲೆಕ್ಕದಂತೆ, 1943ರಲ್ಲಿ ಬಂಗಾಳದಲ್ಲಿದ್ದ ಧಾನ್ಯ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಸುಮಾರು ಶೇಕಡ 5ರಷ್ಟು ಮಾತ್ರ ಕಡಿಮೆ. ಕ್ಷಾಮವಿಲ್ಲದ 1941ಕ್ಕಿಂತ ಶೇಕಡ 13ರಷ್ಟು ಹೆಚ್ಚು!

ಹಾಗಾದರೆ ಜನ ಸತ್ತುದೇಕೆ? ಸೇನರು ಧಾನ್ಯವೆಷ್ಟಿತ್ತು ಎಂಬ ಪ್ರಶ್ನೆಗೆ ನಿಲ್ಲದೆ, ಸತ್ತವರು ಯಾರು ಎಂದು ಕೇಳಿದರು. ಯುದ್ಧದ ವೆಚ್ಚದಿಂದ ಹಣದುಬ್ಬರವಾಗಿ, 1942ರ ಡಿಸೆಂಬರಿನಲ್ಲಿ ಮಣಕ್ಕೆ 13–14 ರೂಪಾಯಿಯಿದ್ದ ಅಕ್ಕಿ ಮರುವರ್ಷದ ಆಗಸ್ಟಿನಲ್ಲಿ 37 ರೂಪಾಯಿಗೆ ಏರಿತ್ತು. ಕೂಲಿ ಆ ವೇಗದಲ್ಲಿ ಏರಲಿಲ್ಲ. ಕಲ್ಕತ್ತೆಯ ಕಾರ್ಖಾನೆಯ ಕೆಲಸಗಾರನಿಗೆ ಅಗ್ಗದ ಅಕ್ಕಿ ದೊರೆಯಿತು. ಹಳ್ಳಿಯ ಕೃಷಿಕೂಲಿ, ದೋಣಿ ಕಳೆದುಕೊಂಡ ಬೆಸ್ತ, ಗಿರಾಕಿಗಳಿಲ್ಲದ ಕ್ಷೌರಿಕ—ಇವರಿಗೆ ಅಕ್ಕಿ ಕಣ್ಣೆದುರಿಗಿದ್ದರೂ ಕೊಳ್ಳುವ ಶಕ್ತಿಯಿರಲಿಲ್ಲ. ಕ್ಷಾಮದ ಸಮಯದಲ್ಲಿ ಧಾನ್ಯದೊಡನೆ ದುಡಿಮೆ, ಕೂಲಿಗಳನ್ನೂ ಒದಗಿಸಬೇಕೆಂಬ ತತ್ತ್ವಕ್ಕೆ ಇದರಿಂದ ಬಲ ಬಂದಿತು. ಅರ್ಥಶಾಸ್ತ್ರಕ್ಕೆ ಸಲ್ಲಿಸಿದ ಕಾಣಿಕೆಗಾಗಿ ಸೇನರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಚರ್ಚೆ ಇಲ್ಲಿಗೇ ಮುಗಿಯಲಿಲ್ಲ. ಆಗಿನ ಬೆಳೆಯ ಅಂಕಿಅಂಶಗಳೇ ನಂಬಲರ್ಹವಲ್ಲ, ಭತ್ತಕ್ಕೆ ಬಂದ ರೋಗದಿಂದ ಕೊರತೆ ಹೆಚ್ಚೇ ಇತ್ತು ಎಂದು ವಾದಿಸಿದವರೂ ಉಂಟು. ಇದರಿಂದ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ. ಆಯೋಗದ ವರದಿ, ಅಂದಿನ ಪತ್ರಿಕೆ, ಬೆಲೆಯ ಪಟ್ಟಿ—ಇವನ್ನು ಎದುರುಬದುರು ಇಟ್ಟು, ಪ್ರತಿಯೊಂದನ್ನೂ ಯಾರು, ಯಾವ ಉದ್ದೇಶದಿಂದ ಬರೆದರೆಂದು ವಿಚಾರಿಸುವುದೇ ಅವನ ಕೆಲಸ.

ಈ ಶ್ರಮ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದ ಸುಮಾರು 67 ಕೋಟಿ ಜನ ಹಸಿವಿನಿಂದ ಬಳಲಿದರು. ಎಲ್ಲರಿಗೂ ಸಾಲುವಷ್ಟು ಆಹಾರ ಬೆಳೆಯುವ ಭೂಮಿಯಲ್ಲೇ! ರೋಗದ ಕಾರಣ ತಪ್ಪಾಗಿ ತಿಳಿದರೆ ಔಷಧವೂ ತಪ್ಪುತ್ತದೆ. ಹಸಿದವರು ಯಾರು, ಅನ್ನ ಅವರ ಕೈಸೇರದಂತೆ ತಡೆದುದೇನು ಎಂಬ ಪ್ರಶ್ನೆಯನ್ನು ಬಂಗಾಳದ ಹಾಗೆ ಇಂದೂ ಪ್ರತಿಯೊಂದು ನಾಡಿನ ವಿಷಯದಲ್ಲಿ ಬೇರೆಬೇರೆಯಾಗಿಯೇ ಕೇಳಬೇಕಾಗಿದೆ.