ಕೊಳಲಿನ ಕುಟೀರ

1973ನೆಯ ಇಸವಿಯ ಆರಂಭದ ದಿನಗಳು. ಜಪಾನಿನ ಷಿಕೋಕು ದ್ವೀಪದ ನಡುನಾಡಿನಲ್ಲಿ, ಇಯಾ ಎಂಬ ಕಣಿವೆಯ ಕಡಿದಾದ ಇಳಿಜಾರಿನ ಮೇಲೆ, ಹುಲ್ಲು ಹೊದಿಸಿದ ಒಂದು ಹಳೆಯ ಮನೆಯ ಮುಂದೆ ಇಪ್ಪತ್ತರ ಹರೆಯದ ಅಮೆರಿಕನ್ ತರುಣನೊಬ್ಬನು ನಿಂತಿದ್ದನು. ಮನೆಗೆ ಏನಿಲ್ಲೆಂದರೂ ಎರಡು ಮೂರು ಶತಮಾನಗಳ ವಯಸ್ಸು. ಅದರೊಳಗೆ ಮನುಷ್ಯರು ಬಾಳಿ ಹದಿನೇಳು ವರ್ಷಗಳಾಗಿದ್ದವು. ಬಾಗಿಲು ಸರಿಸಿ ಒಳಹೊಕ್ಕರೆ ಕತ್ತಲೆ. ಕಾಲಿಟ್ಟಲ್ಲೆಲ್ಲ ಮಸಿ ಬೆರೆತ ಧೂಳು. ತಲೆಯೆತ್ತಿ ನೋಡಿದರೆ ಇಲ್ಲಣ ಜೋಲಾಡುವ ಭಾರಿ ತೊಲೆಗಳು. ಬುದ್ಧಿವಂತನಾದವನು ಅಲ್ಲಿಂದ ಹಿಂದಿರುಗಿ ಹೋಗಬೇಕಾಗಿತ್ತು. ಆದರೆ ಆ ತರುಣನು ಅಂಥ ಮನೆಯೊಂದಕ್ಕಾಗಿಯೇ ಕಣಿವೆಯ ಹಳ್ಳಿಹಳ್ಳಿಗಳನ್ನು ತಿಂಗಳುಗಟ್ಟಲೆ ಅಲೆದಿದ್ದನು. ಆತನ ಹೆಸರು ಅಲೆಕ್ಸ್ ಕೆರ್.

ಇಯಾ ಕಣಿವೆಯು ಜಪಾನೀಯರಿಗೇ ದೂರದ ಊರು. ತೊಕುಷಿಮಾ ಪ್ರಾಂತದ ಪಶ್ಚಿಮ ಭಾಗದಲ್ಲಿ ನದಿಯು ಬೆಟ್ಟಗಳನ್ನು ಆಳವಾಗಿ ಸೀಳಿಕೊಂಡು ಹರಿಯುತ್ತದೆ. ಸಮತಟ್ಟಾದ ನೆಲವೆಂಬುದು ಅಲ್ಲಿ ಅಪರೂಪ. ಮನೆಗಳು ನದಿಯ ಅಂಚಿನಲ್ಲಿರದೆ, ಬಿಸಿಲು ಹೆಚ್ಚು ಹೊತ್ತು ಬೀಳುವ ಬೆಟ್ಟದ ಮೈಮೇಲೆ ಒಂದಕ್ಕೊಂದು ಎತ್ತರದಲ್ಲಿ ಅಂಟಿಕೊಂಡಿರುತ್ತವೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಗೆಂಜಿ ಮತ್ತು ಹೇಕೆ ಎಂಬ ಎರಡು ಮನೆತನಗಳ ನಡುವೆ ನಡೆದ ಮಹಾಯುದ್ಧದಲ್ಲಿ ಸೋತ ಹೇಕೆ ಯೋಧರು ತಲೆಮರೆಸಿಕೊಂಡು ಬಂದು ನೆಲೆಸಿದ್ದು ಇಲ್ಲಿಯೇ ಎಂದು ಕಣಿವೆಯ ಜನ ಹೇಳುತ್ತಾರೆ. ಕಾಡುಬಳ್ಳಿಗಳನ್ನು ಹೆಣೆದು ಕಟ್ಟಿದ ತೂಗುಸೇತುವೆಯೊಂದು ಇಂದಿಗೂ ಅಲ್ಲಿದೆ. ಶತ್ರುಗಳು ಬೆನ್ನಟ್ಟಿ ಬಂದರೆ ಬಳ್ಳಿಯನ್ನು ಕಡಿದು ದಾರಿ ಮುರಿಯುವುದಕ್ಕೆಂದೇ ಇಂಥ ಸೇತುವೆಗಳಂತೆ! ಸುಮಾರು 45 ಮೀಟರು ಉದ್ದದ ಈ ಸೇತುವೆಯನ್ನು ಮೂರು ವರ್ಷಗಳಿಗೊಮ್ಮೆ ಹೊಸದಾಗಿ ಹೆಣೆಯುತ್ತಾರೆ. ಈಗ ಬಳ್ಳಿಯೊಳಗೆ ಉಕ್ಕಿನ ಹಗ್ಗವನ್ನೂ ಅಡಗಿಸಿದ್ದಾರೆ. ಪ್ರವಾಸಿಗಳ ಪ್ರಾಣದ ವಿಷಯದಲ್ಲಿ ಐತಿಹ್ಯವನ್ನು ನೆಚ್ಚಿ ಕೂರಲಾಗುವುದಿಲ್ಲವಷ್ಟೆ.

ಕೆರ್ ಜಪಾನಿಗೆ ಹೊಸಬನಾಗಿರಲಿಲ್ಲ. ತಂದೆಯು ಅಮೆರಿಕದ ನೌಕಾಪಡೆಯ ವಕೀಲರು. ಅವರೊಡನೆ 1964ರಲ್ಲಿ, ಹನ್ನೆರಡು ವರ್ಷದ ಬಾಲಕನಾಗಿ, ಆತನು ಯೊಕೊಹಾಮಾಕ್ಕೆ ಬಂದಿದ್ದನು. ಬಳಿಕ ಸ್ವದೇಶಕ್ಕೆ ಮರಳಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಜಪಾನಿ ಅಧ್ಯಯನವನ್ನು ಕೈಗೊಂಡನು. 1971ರ ಬೇಸಗೆಯಲ್ಲಿ, ದಾರಿಹೋಕ ವಾಹನಗಳನ್ನು ನಿಲ್ಲಿಸಿ ಹತ್ತಿಕೊಂಡು ದೇಶ ಸುತ್ತುತ್ತಿದ್ದಾಗ, ಇಯಾ ಕಣಿವೆಯನ್ನು ಮೊದಲ ಸಲ ಕಂಡನು. ಮರುವರ್ಷ ಟೋಕಿಯೋದ ಕೇಯೋ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಬಂದವನು ಪಾಠಕ್ಕಿಂತ ಹೆಚ್ಚಾಗಿ ಈ ಬೆಟ್ಟಗಳನ್ನೇ ಓದಿದನೆನ್ನಬೇಕು. ಆ ವೇಳೆಗೆ ಕಣಿವೆಯ ತುಂಬ ಪಾಳುಮನೆಗಳು. ಯುವಕರು ಒಸಾಕಾ, ಟೋಕಿಯೋಗಳ ಕಾರ್ಖಾನೆಗಳಿಗೆ ಹೊರಟುಹೋಗಿದ್ದರು, ಮುದುಕರು ಉಳಿದಿದ್ದರು, ಮುದುಕರೂ ತೀರಿಕೊಂಡ ಮನೆಗಳಿಗೆ ಅಗುಳಿ ಬಿದ್ದಿತ್ತು.

ವ್ಯಾಪಾರ ಕುದುರಿದ ಬಗೆಯನ್ನು ಕೇಳಬೇಕು. 120 ತ್ಸುಬೋ ನೆಲ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 4 ಗುಂಟೆ. ಅದಕ್ಕೆ 3 ಲಕ್ಷ 80 ಸಾವಿರ ಯೆನ್, ಅಂದಿನ ದರದಲ್ಲಿ ಹೆಚ್ಚುಕಡಿಮೆ 1,300 ಡಾಲರು. ಮನೆಗೆ? ಮನೆಗೆ ಬೆಲೆಯೇ ಇಲ್ಲ! ನೆಲವನ್ನು ಕೊಂಡವನಿಗೆ ಮನೆ ಪುಕ್ಕಟೆ. ಇದು ಕೇವಲ ಇಯಾದ ವಿಚಿತ್ರವಲ್ಲ. ಜಪಾನಿನಲ್ಲಿ ನೆಲವೂ ಅದರ ಮೇಲಿನ ಕಟ್ಟಡವೂ ದಫ್ತರದಲ್ಲಿ ಬೇರೆಬೇರೆ ಆಸ್ತಿಗಳು. ಮರದ ಮನೆ ಕಟ್ಟಿದ ಇಪ್ಪತ್ತು ಮೂವತ್ತು ವರ್ಷಗಳಲ್ಲೇ ಅದರ ಬೆಲೆ ಬಹುಮಟ್ಟಿಗೆ ಸೊನ್ನೆಗಿಳಿಯುತ್ತದೆ. ಹೀಗಿರಲು ಮೂರು ಶತಮಾನದ ಮನೆಯನ್ನು ಯಾರು ಎಣಿಸಿಯಾರು? ಆದರೂ ವಿದ್ಯಾರ್ಥಿಯಾದವನಿಗೆ ಆ ಮೊತ್ತವೇ ದೊಡ್ಡದು. ಮನೆಯವರ ಪರಿಚಯದವರೊಬ್ಬರಿಂದ ಸಾಲವೆತ್ತಿ ಕೊಂಡನು. ಸಾಲ ತೀರಿಸಲು ವರ್ಷಗಳೇ ಹಿಡಿದವು. ಮುಂದಿನ ದಶಕಗಳಲ್ಲಿ ಜಪಾನಿನ ಪಟ್ಟಣಗಳ ನೆಲ ಚಿನ್ನದ ಬೆಲೆಗೇರಿದಾಗಲೂ ಇಯಾದ ನೆಲ ಮೇಲೇರಲಿಲ್ಲ, ಕೆಳಗೇ ಇಳಿಯಿತು. ಲಾಭಕ್ಕಾಗಿ ಕೊಂಡವನಾಗಿದ್ದರೆ ಆತನು ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿತ್ತು.

ಬಿಟ್ಟುಹೋದವರು ಮನೆಯನ್ನು ಬರಿದು ಮಾಡಿ ಹೋಗಿರಲಿಲ್ಲ. ಪಾತ್ರೆಪರಟಿ, ಉಪಕರಣಗಳು, ಬಟ್ಟೆಬರೆಗಳು ಇದ್ದ ಇದ್ದಲ್ಲೇ ಇದ್ದವು. ಧೂಳನ್ನು ಗುಡಿಸುವಾಗ ಒಂದು ದಿನಚರಿ ಪುಸ್ತಕವು ಸಿಕ್ಕಿತು. ಅಲ್ಲಿ ಅಜ್ಜ ಅಜ್ಜಿಯರೊಡನೆ ಬೆಳೆದ ಹುಡುಗಿಯೊಬ್ಬಳು ಬರೆದುದು ಅದು. ಮನೆಯ ಕತ್ತಲೆ, ಕಣಿವೆಯ ಬಡತನ, ಪಟ್ಟಣದ ಬದುಕಿಗಾಗಿ ಹಂಬಲ: ಮುಚ್ಚುಮರೆಯಿಲ್ಲದೆ ಎಲ್ಲವೂ ಅದರಲ್ಲಿತ್ತು. ಒಂದು ದಿನ ಬರಹ ಥಟ್ಟನೆ ನಿಂತಿತ್ತು. ಹುಡುಗಿ ಮನೆ ಬಿಟ್ಟು ಓಡಿಹೋದಳೆಂದು ನೆರೆಯವರು ಹೇಳಿದರು. ಅವಳು ಹಿಂದಿರುಗಿ ಬರಲೆಂದು ಹಿರಿಯರು ಒಂದು ಚೀಟಿಯಲ್ಲಿ ನಾಲ್ಕು ಅಕ್ಷರ ಬರೆದು ಬಾಗಿಲಿಗೆ ತಲೆಕೆಳಗಾಗಿ ಅಂಟಿಸಿದ್ದರು. ಹಾಗೆ ಅಂಟಿಸಿದರೆ ಹೋದವರು ಬರುತ್ತಾರೆಂಬ ನಂಬಿಕೆ. ಅವಳು ಬರಲಿಲ್ಲ. ಯಾವ ಕತ್ತಲೆಗೆ ಹೆದರಿ ಆ ಮನೆಯ ಮಗಳು ಓಡಿದಳೋ, ಅದೇ ಕತ್ತಲೆಗೆ ಮರುಳಾಗಿ ಸಮುದ್ರದಾಚೆಯ ಒಬ್ಬನು ಬಂದಿದ್ದನು. ಇಬ್ಬರಲ್ಲಿ ಯಾರನ್ನು ಅವಿವೇಕಿಯೆನ್ನೋಣ? ಹುಡುಗಿಗೆ ಆ ಮನೆಯಲ್ಲಿ ದಿನವೂ ಬಾಳಬೇಕಾಗಿತ್ತೆಂಬುದನ್ನು ಮಾತ್ರ ಮರೆಯಬಾರದು.

ಕತ್ತಲೆಗೆ ಕಾರಣವಿತ್ತು. ಇಯಾದ ಹೊಲಗಳಲ್ಲಿ ಹಿಂದೆ ಹೊಗೆಸೊಪ್ಪನ್ನು ಬೆಳೆಯುತ್ತಿದ್ದರು. ಕೊಯ್ದ ಎಲೆಗಳನ್ನು ಮನೆಯ ಜಂತೆಗಳಿಗೆ ನೇತುಹಾಕಿ, ನೆಲದ ನಡುವೆ ಅಗೆದ ‘ಇರೋರಿ’ ಎಂಬ ಒಲೆಗುಂಡಿಯ ಹೊಗೆಯಲ್ಲಿ ಒಣಗಿಸುವುದು ರೂಢಿ. ಅದಕ್ಕಾಗಿ ಆ ಮನೆಗಳಿಗೆ ಒಳಮಾಳಿಗೆಯನ್ನೇ ಕಟ್ಟುತ್ತಿರಲಿಲ್ಲ. ನೆಲದಿಂದ ಸೂರಿನ ನೆತ್ತಿಯವರೆಗೆ ಒಂದೇ ಬಯಲು. ಹೊಗೆಯು ಶತಮಾನಗಳ ಕಾಲ ಮೇಲೇರುತ್ತ ತೊಲೆ, ಕಂಬ, ನೆಲಹಲಗೆಗಳಿಗೆಲ್ಲ ಕಪ್ಪು ಬಣ್ಣ ಕೊಟ್ಟಿತ್ತು. ಧೂಳು ತೆಗೆದು ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದ ಮೇಲೆ ಆ ಅಗಲವಾದ ಹಲಗೆಗಳು ಕರಿಗಲ್ಲಿನಂತೆ ಹೊಳೆಯತೊಡಗಿದವು. ಕಂಬಗಳು ನೆಲದಲ್ಲಿ ಹೂತವುಗಳಲ್ಲ. ಕಲ್ಲುಗಳ ಮೇಲೆ ಸುಮ್ಮನೆ ನಿಂತವು. ಮರಕ್ಕೆ ಮರ ಕಚ್ಚಿಸಿ ಜೋಡಿಸಿದ ಇಂಥ ಮನೆಗಳು ಭೂಕಂಪದಲ್ಲಿ ಕಿರುಗುಟ್ಟುತ್ತ ಓಲಾಡುತ್ತವೆ.

ಹೊಗೆಗೆ ಇನ್ನೊಂದು ಉದ್ಯೋಗವೂ ಉಂಟು. ಅದು ಹುಲ್ಲಿನ ಹೊದಿಕೆಯನ್ನು ಒಣಗಿಸಿ, ಹುಳುಹುಪ್ಪಟೆಗಳನ್ನು ಓಡಿಸುತ್ತದೆ. ಮಲೆನಾಡಿನ ಸೋಗೆಯ ಮನೆಗಳಲ್ಲಿ ಬೆಳೆದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಆರಿದ ಮನೆಯ ಸೂರು ಕೊಳೆಯತೊಡಗುತ್ತದೆ. ಹದಿನೇಳು ವರ್ಷ ಒಲೆ ಹೊತ್ತದ ಮನೆಯಲ್ಲಿ ಮಳೆ ಬಂದರೆ ಏನಾದೀತೆಂಬುದನ್ನು ಊಹಿಸಬಹುದು.

ಹೊಸ ಹೊದಿಕೆಗೆ ಹುಲ್ಲೆಲ್ಲಿ? ಜಪಾನೀಯರು ‘ಕಾಯ’ ಎನ್ನುವ ಎತ್ತರದ ಹುಲ್ಲನ್ನು ಶರತ್ಕಾಲದ ಬಳಿಕ ಕೊಯ್ದು, ಒಣಗಿಸಿ, ಕಟ್ಟುಕಟ್ಟಿ ಕೂಡಿಡಬೇಕು. ಹಿಂದೆ ಪ್ರತಿ ಹಳ್ಳಿಗೂ ತನ್ನದೇ ಹುಲ್ಲುಗಾವಲು ಇರುತ್ತಿತ್ತು. ಈ ವರ್ಷ ನಿನ್ನ ಸೂರು, ಬರುವ ವರ್ಷ ನನ್ನ ಸೂರು ಎಂದು ಊರಿನವರೆಲ್ಲ ಮುಯ್ಯಾಳಾಗಿ ದುಡಿಯುತ್ತಿದ್ದರು. ಎರಡನೆಯ ಮಹಾಯುದ್ಧದ ಬಳಿಕ ಸರಕಾರದ ಉತ್ತೇಜನದಿಂದ ಬೆಟ್ಟಬೆಟ್ಟಗಳಲ್ಲಿ ದೇವದಾರು ಜಾತಿಯ ‘ಸುಗಿ’ ಮರಗಳನ್ನು ನೆಟ್ಟರು. ಇಂದು ಜಪಾನಿನ ಕಾಡಿನಲ್ಲಿ ಸುಮಾರು 40 ಪಾಲು ಹೀಗೆ ನೆಟ್ಟ ತೋಪು. ಹುಲ್ಲುಗಾವಲು ಹೋಯಿತು, ಮುಯ್ಯಾಳು ಹೋದರು, ಹೊದಿಸಬಲ್ಲ ಕುಶಲಿಗಳೂ ಮುದುಕರಾದರು. ತೊಲೆ ಕೊಳೆತರೆ ಬೇರೆ ತೊಲೆ ಸಿಕ್ಕೀತು. ಹುಲ್ಲು ಸಿಗದಿರುವುದೇ ಹಳೆಯ ಮನೆಗಳ ಮೃತ್ಯು. ಕೆರ್‌ನಿಗೆ ನೆರವಾದವರು ಊರಿನ ನೆರೆಯವರೇ. ಕೆಡವಲಿದ್ದ ಮತ್ತೊಂದು ಮನೆಯ ಹಳೆಯ ಹುಲ್ಲನ್ನು ಬಿಚ್ಚಿ, ಬೆಟ್ಟದ ದಾರಿಯಲ್ಲಿ ಬೆನ್ನ ಮೇಲೆ ಹೊತ್ತು ತಂದರು. ಹೊತ್ತವರ ಮುಖಮೈಗಳೆಲ್ಲ ಇದ್ದಿಲಿನ ಹಾಗೆ ಕಪ್ಪಾದುವು.

ತರುಣನು ಕೊಳಲು ನುಡಿಸುತ್ತಿದ್ದನು. ಗೆಳೆಯರೊಡಗೂಡಿ ಮನೆಗೆ ‘ಚಿಇಓರಿ’ ಎಂದು ಹೆಸರಿಟ್ಟನು. ‘ಚಿ’ ಎಂದರೆ ಪುರಾತನವಾದ ಒಂದು ಬಗೆಯ ಬಿದಿರ ಕೊಳಲು. ‘ಇಓರಿ’ ಎಂದರೆ ಕುಟೀರ. ಹೆಸರು ರಮ್ಯವಾಗಿದ್ದರೂ ಚಳಿಗಾಲವು ರಮ್ಯವಾಗಿರಲಿಲ್ಲ. ಬೆಂಕಿಯ ಸುತ್ತ ಕುಳಿತವರಿಗೆ ಎದೆ ಬಿಸಿ, ಬೆನ್ನು ಹಿಮ. ಹಲಗೆಯ ಸಂದುಗಳಿಂದ ಗಾಳಿ ನುಗ್ಗುತ್ತಿತ್ತು. ಹೊಗೆಯಿಂದ ಕಣ್ಣು ಉರಿಯುತ್ತಿತ್ತು. ಕೆರ್ ನಡುವೆ ಆಕ್ಸ್‌ಫರ್ಡಿಗೆ ಓದಲು ಹೋದನು. 1977ರಲ್ಲಿ ಮರಳಿ ಬಂದು ಕ್ಯೋಟೋದ ಸಮೀಪ ಕಮೆಓಕಾದಲ್ಲಿ ನೆಲೆಸಿದನು. ಇಯಾಕ್ಕೆ ಬಂದು ಹೋಗುತ್ತಲೇ ಇದ್ದನು.

1993ರಲ್ಲಿ ಕೆರ್ ಅವರು ಜಪಾನಿ ಭಾಷೆಯಲ್ಲಿಯೇ ಬರೆದ, ಕಣ್ಮರೆಯಾಗುತ್ತಿರುವ ಜಪಾನನ್ನು ಕುರಿತ ಪುಸ್ತಕವು ಪ್ರಕಟವಾಯಿತು. ಮರುವರ್ಷ ಅದಕ್ಕೆ ಷಿಂಚೋ ಗಕುಗೇ ಬಹುಮಾನವು ದೊರೆಯಿತು. ವಿದೇಶೀಯನೊಬ್ಬನಿಗೆ ಆ ಗೌರವ ಸಂದುದು ಅದೇ ಮೊದಲು. ಪುಸ್ತಕ ಓದಿದವರು ಮನೆಯನ್ನು ಹುಡುಕಿಕೊಂಡು ಬರತೊಡಗಿದರು. ಊರಿನವರಿಗೆ ಇದು ದೊಡ್ಡ ಅಚ್ಚರಿ. ತಾವು ನಾಚಿಕೆಪಟ್ಟು ತಗಡಿನಿಂದ ಮುಚ್ಚಿದ ಸೂರುಗಳ ನಡುವೆ ಈ ಹುಲ್ಲಿನ ಸೂರನ್ನು ನೋಡಲು ದೇಶವಿದೇಶಗಳ ಜನ ಏಕೆ ಬರಬೇಕು?

ಮನೆಯ ನಿಜವಾದ ಪುನರುದ್ಧಾರ ನಡೆದದ್ದು 2012ರಲ್ಲಿ. ಹುಲ್ಲನ್ನು ಹೊಸದಾಗಿ ಹೊದಿಸಿದರು. ನೆಲದ ಕಪ್ಪು ಹಲಗೆಗಳನ್ನು ಎಬ್ಬಿಸಿ, ಕೆಳಗೆ ಬಿಸಿಯ ಏರ್ಪಾಡನ್ನೂ ಚಳಿ ತಡೆಯುವ ಪದರವನ್ನೂ ಇಟ್ಟು, ಅವೇ ಹಲಗೆಗಳನ್ನು ಮತ್ತೆ ಹಾಸಿದರು. ಹೊಸ ಅಡುಗೆಮನೆ, ಸ್ನಾನದ ಮನೆ, ಶೌಚಗೃಹಗಳು ಬಂದವು. ಇರೋರಿ ಮಾತ್ರ ಇದ್ದಲ್ಲೇ ಉಳಿಯಿತು. ಹಳೆಯದನ್ನು ಮುಟ್ಟಿದರೆ ಕೆಡುತ್ತದೆ ಎನ್ನುವವರು ಎಲ್ಲ ದೇಶಗಳಲ್ಲೂ ಇರುತ್ತಾರೆ. ಆದರೆ ಬೆನ್ನು ಬೆಚ್ಚಗಾಗದ ಮನೆಯಲ್ಲಿ ಯಾರೂ ಎರಡನೆಯ ರಾತ್ರಿ ಮಲಗುವುದಿಲ್ಲವೆಂಬುದು ಕೆರ್ ಅವರಿಗೆ ನಲವತ್ತು ಚಳಿಗಾಲಗಳು ಕಲಿಸಿದ ಪಾಠ. ಅದೇ ಕಣಿವೆಯ ಒಚಿಆಯಿ ಎಂಬ ಹಳ್ಳಿಯಲ್ಲಿಯೂ ಹುಲ್ಲಿನ ಮನೆಗಳನ್ನು ಇದೇ ಕ್ರಮದಲ್ಲಿ ದುರಸ್ತಿ ಮಾಡಿ ಅತಿಥಿಗೃಹಗಳನ್ನಾಗಿ ಮಾಡಿದರು.

ಜಪಾನಿನಲ್ಲಿ ಪಾಳುಮನೆಗಳಿಗೆ ಈಗ ಬರವಿಲ್ಲ. ‘ಅಕಿಯಾ’ ಎಂದರೆ ಖಾಲಿ ಮನೆ. 2023ರ ಗಣತಿಯಲ್ಲಿ ಅಂಥವು ಸುಮಾರು 90 ಲಕ್ಷ. ದೇಶದ ಮನೆಗಳಲ್ಲಿ ನೂರಕ್ಕೆ 13.8ರಷ್ಟು. ಕೆಡವಿದರೆ ನೆಲದ ತೆರಿಗೆ ಹೆಚ್ಚುತ್ತದೆಂದು ಕೆಲವರು ಮುರುಕಲು ಮನೆಯನ್ನು ನಿಲ್ಲಿಸಿಯೇ ಇಡುತ್ತಾರೆ. ಏಕೆಂದರೆ ಮನೆಯಿರುವ ಸಣ್ಣ ನಿವೇಶನಕ್ಕೆ ತೆರಿಗೆಯ ಲೆಕ್ಕವು ಆರನೆಯ ಒಂದು ಪಾಲಿಗಿಳಿಯುತ್ತದೆ. ಊರೂರಿನ ಪೌರಾಡಳಿತಗಳು ಖಾಲಿ ಮನೆಗಳ ಪಟ್ಟಿ ಪ್ರಕಟಿಸಿ ಕೊಳ್ಳುವವರನ್ನು ಕರೆಯುತ್ತಿವೆ. ಪರದೇಶದವರು ಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಮನೆ ಕೊಂಡ ಮಾತ್ರಕ್ಕೆ ಆ ದೇಶದಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಜೊತೆಗೆ ಹೊಲವಿದ್ದರೆ ಕೃಷಿ ಸಮಿತಿಯ ಒಪ್ಪಿಗೆ ಬೇಕು. 1981ಕ್ಕೆ ಮೊದಲಿನ ಕಟ್ಟಡವಾದರೆ ಭೂಕಂಪದ ಹೊಸ ನಿಯಮಗಳಿಗೆ ಒಳಪಟ್ಟದ್ದಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಮನೆಗೆ ಎಷ್ಟು ಮಂದಿ ಮೊಮ್ಮಕ್ಕಳ ರುಜು ಬೇಕಾದೀತೋ ಬಲ್ಲವರಾರು! ಈ ಗೋಜಲಿನಿಂದ ಬೇಸತ್ತೇ ಸರಕಾರವು ವಾರಸುದಾರರು ದಾಖಲೆಯಲ್ಲಿ ಹೆಸರು ಬದಲಾಯಿಸಿಕೊಳ್ಳುವುದನ್ನು 2024ರ ಏಪ್ರಿಲಿನಿಂದ ಕಡ್ಡಾಯ ಮಾಡಿತು. ಅಗ್ಗದ ಮನೆಯನ್ನು ಕೊಂಡವರಿಗೆ ಖರ್ಚು ಶುರುವಾಗುವುದು ಕೊಂಡ ಮೇಲೆಯೇ.

ಇಯಾದ ಇನ್ನೊಂದು ತುದಿಯಲ್ಲಿ ನಗೋರೋ ಎಂಬ ಹಳ್ಳಿಯಿದೆ. ಅಲ್ಲಿ ತಂದೆಯ ಹೊಲಕ್ಕೆ ಬೆರ್ಚಪ್ಪನೊಂದನ್ನು ಮಾಡಿ ನಿಲ್ಲಿಸಿದ ಹೆಂಗಸೊಬ್ಬರು, ಬಳಿಕ ಸತ್ತವರ, ಊರು ಬಿಟ್ಟವರ ಹೋಲಿಕೆಯಲ್ಲಿ ಬಟ್ಟೆಯ ಗೊಂಬೆಗಳನ್ನು ಮಾಡುತ್ತ ಹೋದರು. ಬಸ್ಸಿನ ತಂಗುದಾಣದಲ್ಲಿ ಗೊಂಬೆ, ಗದ್ದೆಯಲ್ಲಿ ಗೊಂಬೆ. 2012ರಲ್ಲಿ ಊರಿನ ಶಾಲೆ ಮುಚ್ಚಿತು. ಅಲ್ಲಿಯೂ ಬೆಂಚುಗಳ ಮೇಲೆ ಗೊಂಬೆಗಳೇ ವಿದ್ಯಾರ್ಥಿಗಳಾಗಿ ಕುಳಿತವು. ಊರಿನಲ್ಲಿ ಜನರಿಗಿಂತ ಗೊಂಬೆಗಳ ಸಂಖ್ಯೆ ಹಲವು ಪಟ್ಟು ಹೆಚ್ಚು.

ಅದೇ ವರ್ಷ ಚಿಇಓರಿಯ ಬಾಗಿಲು ಅತಿಥಿಗಳಿಗಾಗಿ ಮತ್ತೆ ತೆರೆಯಿತು. ಮಂಜು ಕವಿದ ಸಂಜೆ ಬೆಟ್ಟ ಹತ್ತಿ ಬಂದವರು ಪಾದರಕ್ಷೆ ಕಳಚಿ ಒಳಹೋಗುತ್ತಾರೆ. ಕರಿಯ ಹಲಗೆಗಳು ಕಾಲಡಿಯಲ್ಲಿ ಬೆಚ್ಚಗಿರುತ್ತವೆ. ಚಳಿಯ ಕಾಟವಿಲ್ಲದಿದ್ದರೂ ಇರೋರಿಯಲ್ಲಿ ಸೌದೆಯಿಟ್ಟು ಬೆಂಕಿ ಹೊತ್ತಿಸುತ್ತಾರೆ. ಹೊಗೆಯು ಮೆಲ್ಲಗೆ ಮೇಲೆದ್ದು ತೊಲೆಗಳ ನಡುವೆ ಸುಳಿದು ಹೊಸ ಹುಲ್ಲಿನೊಳಕ್ಕೆ ಸೇರುತ್ತದೆ.